ಮೊಣಕಾಲ ಕೆಳಗಿನ ಕೂಗು

ನಮ್ಮೂರಲ್ಲಿ ಗಾಯ ಕೂಗುತ್ತೆ. ಮುಂಚೆಯೇ ಹೇಳಿಬಿಡ್ತೀನಿ, ಆಮೇಲೆ ಕಥೆ ಮಧ್ಯದಲ್ಲಿ ಬಾಯಿ ಹಾಕಿ "ಅದು ಹೆಂಗೆ ಕೇತಮ್ಮ?" ಅಂತ ಕೇಳಬೇಡಿ. ಹೆಂಗೋ ನನಗೂ ಗೊತ್ತಿಲ್ಲ. ನಿಮ್ಮ ಕಡೆ ಕೂಗಲ್ಲವಂತೆ, ನನಗೆ ಅದೇ ಸೋಜಿಗ. ಕೂಗದೇ ಇದ್ದರೆ ಚರ್ಮಕ್ಕೆ ಹೆಂಗೆ ಗೊತ್ತಾಗಬೇಕು, ಇಲ್ಲೊಂದು ಕಡೆ ಕಿತ್ತುಹೋಗಿದೆ, ಬಂದು ಮುಚ್ಚಬೇಕು ಅಂತ? ನಮ್ಮಲ್ಲಿ ಗಾಯದ ಅಂಚು ಕರೆಯುತ್ತೆ, ಸುತ್ತಲ ಚರ್ಮ ಕೇಳಿಸಿಕೊಂಡು ಮೆಲ್ಲಗೆ ತೆವಳಿಕೊಂಡು ಬರುತ್ತೆ, ಎರಡೂ ಕಡೆಯದು ಸೇರಿದ ಮೇಲೆ ಕೂಗು ನಿಲ್ಲುತ್ತೆ. ಅಷ್ಟೇ ವಿಷಯ.

ಮಕ್ಕಳ ಗಾಯದ ಕೂಗು ಇದೆಯಲ್ಲ, ಅದು ಕುಕ್ಕರ್ ಸೀಟಿ ಇದ್ದಹಾಗೆ. ಆಟದ ಪೀರಿಯಡ್ ಮುಗಿದ ಮೇಲೆ ಮೇಷ್ಟ್ರಿಗೆ ಪಾಠ ಮಾಡೋಕೇ ಆಗಲ್ಲ, ಮೊಣಕಾಲು ಒಡಕೊಂಡವರನ್ನೆಲ್ಲ ಕಿಟಕಿ ಹತ್ತಿರ ಕೂರಿಸಿ ಗಂಟಲು ಹರಕೊಳ್ತಾರೆ. ಪ್ರಾಯದವರದು ಜೇನು ಗುಂಯ್‌ಗುಟ್ಟಿದ ಹಾಗೆ. ಅಡುಗೆಮನೆಯಲ್ಲಿ ಸೊಸೆ ಈಳಿಗೆಮಣೆಗೆ ಬೆರಳು ಕೊಟ್ಟರೆ ಜಗಲಿಯಲ್ಲಿ ಕೂತ ಅತ್ತೆಗೆ ಗೊತ್ತಾಗಿಹೋಗುತ್ತೆ. ಜಗಳ ಆಡಿಕೊಂಡು ಬಂದ ಗಂಡ "ಜಾರಿ ಬಿದ್ದೆ ಕಣೇ" ಅಂದರೆ ನಡೆಯಲ್ಲ. ಹುಬ್ಬಿನ ಮೇಲೂ ಕೂಗು, ಬೆನ್ನ ಮೇಲೂ ಕೂಗು, ಜಾರಿದವನು ಎರಡೂ ಕಡೆ ಹೆಂಗೆ ಬೀಳ್ತಾನೆ? ಕ್ಷೌರದ ಅಂಗಡಿ ಮುಂದೆ ಹಾದುಹೋದರೆ ಸಾಕು, ಇವತ್ತು ಕತ್ತಿ ಸರಿಯಾಗಿ ಮಸೆದಿಲ್ಲ ಅಂತ ಇಡೀ ಬೀದಿಗೆ ತಿಳಿಯುತ್ತೆ. ನಾವು ಇದಕ್ಕೆಲ್ಲ ಒಗ್ಗಿಹೋಗಿದ್ದೀವಿ.

ತೊಂದರೆ ಶುರುವಾಗೋದು ಕೂದಲು ನೆರೆತ ಮೇಲೆ. ಚರ್ಮ ಈರುಳ್ಳಿ ಸಿಪ್ಪೆ ಹಾಗೆ ತೆಳ್ಳಗಾಗುತ್ತೆ, ಬಾಗಿಲ ಚಿಲಕ ತಾಗಿದರೂ ಕಿತ್ತುಬರುತ್ತೆ. ಕಿತ್ತುಬಂದ ಮೇಲೆ ಗಾಯಕ್ಕೆ ಗಂಟಲು ಕಟ್ಟಿರುತ್ತೆ, ಸುತ್ತಲ ಚರ್ಮಕ್ಕೆ ಕಿವಿ ಮಂದ ಆಗಿರುತ್ತೆ. ಅದು ಕರೆಯಲ್ಲ, ಇದು ಬರಲ್ಲ. ಗಾಯ ಹಾಗೇ ಬಾಯಿ ಬಿಟ್ಕೊಂಡು ಕೂತಿರುತ್ತೆ.

ಅದಕ್ಕೆ ಊರಲ್ಲೊಂದು ಕಟ್ಟಳೆ ಇತ್ತು. ಹುಣ್ಣಿಮೆ ಬೆಳಿಗ್ಗೆ ಕೆರೆ ಹತ್ತಿರದ ಕಿವಿಕಟ್ಟೆಗೆ ಗಾಯ ಮುಚ್ಚದ ವಯಸ್ಸಾದವರು ಬರಬೇಕು. ಕಿವಿಗಾರ ಮರಿಸಿದ್ದಯ್ಯ ಒಂದು ಎಲೆ ಅಡಿಕೆ ಬಾಯಿಗೆ ಹಾಕಿ ದವಡೆಯಲ್ಲಿ ಒತ್ತಿಟ್ಟುಕೊಂಡು, ಗಾಯದ ಹತ್ತಿರ ಕಿವಿ ಇಡ್ತಾನೆ. ಬಾಯಲ್ಲಿ ರಸ ತೀರೋವರೆಗೆ ಕಾಯ್ತಾನೆ. ಅಷ್ಟರಲ್ಲಿ ಗಾಯ ಕೂಗಿದರೆ ಸರಿ. ಕೂಗಲಿಲ್ಲ ಅಂದರೆ ಎಲೆ ಉಗಿದು ಎದ್ದುಬಿಡ್ತಾನೆ, ಅವತ್ತಿಗೆ ಆ ಮನುಷ್ಯ ಮಚ್ಚು ಇಳಿಸಿದ ಹಾಗೆ. ಮಚ್ಚೋ ಕುಡುಗೋಲೋ ಉಳಿಯೋ ಚೂರಿಯೋ, ಹರಿತದ್ದು ಏನಿದ್ದರೂ ಕಟ್ಟೆಯ ಗೂಡಿನಲ್ಲಿಟ್ಟು ಬರಿಗೈಯಲ್ಲಿ ಮನೆಗೆ ಹೋಗಬೇಕು. ಮತ್ತೆ ಮುಟ್ಟೋ ಹಾಗಿಲ್ಲ. ಕೆಟ್ಟ ಉದ್ದೇಶ ಅಂತಲ್ಲ, ಇನ್ನೊಂದು ಗಾಯ ಆದರೆ ಜೀವಕ್ಕೇ ಬಂದೀತು ಅಂತ. ಶಾಲು ಹೊದಿಸ್ತಾರೆ, ಕಜ್ಜಾಯ ಕೊಡ್ತಾರೆ, ಇನ್ನು ಹಾಯಾಗಿ ಕೂತಿರಿ ಅಂತಾರೆ.

ಹಾಯಂತೆ! ನಮ್ಮ ಯಜಮಾನರಿಗೂ ಹಾಗೇ ಶಾಲು ಹೊದಿಸಿದ್ದರು. ನಾವು ಮೇದರು, ಬಿದಿರು ಸೀಳಿ ಮೊರ ಬುಟ್ಟಿ ತಟ್ಟಿ ಹೆಣೆಯೋ ಜನ. ಬುದ್ಧಿ ಬಂದಾಗಿಂದ ಮಚ್ಚು ಹಿಡಿದ ಕೈ ಅವರದು. ಕಟ್ಟೆಯಿಂದ ಮನೆಗೆ ಬಂದು ಜಗಲಿ ಮೇಲೆ ಕೂತರು, ಕೈ ಮಾತ್ರ ತೊಡೆ ಮೇಲೆ ಸುಮ್ಮನೆ ಆಡ್ತಾನೇ ಇತ್ತು, ಇಲ್ಲದ ಬಿದಿರು ಸೀಳ್ತಾ. ಆ ಗಾಯ ಅವರನ್ನ ಕೊಲ್ಲಲಿಲ್ಲ. ಕೈ ಖಾಲಿಯಾಗಿದ್ದಕ್ಕೆ ಅವರು ಹೋದರು, ನಾನು ಕಣ್ಣಾರೆ ನೋಡಿದೆ.

ಆಮೇಲೆ ನನ್ನ ಸರದಿ ಬಂತು. ಎಪ್ಪತ್ತು ದಾಟಿದೆ, ಮೇಲೆಷ್ಟು ಅಂತ ಕೇಳಬೇಡಿ. ಒಂದು ಹುಣ್ಣಿಮೆ ಆದ ಮಾರನೇ ದಿನ, ಬಗ್ಗಿಸಿ ಕಟ್ಟಿದ್ದ ಹಸಿ ಬಿದಿರು ಹಗ್ಗ ಕಿತ್ತುಕೊಂಡು ಚಿಮ್ಮಿ, ಎಡಗಾಲಿನ ಮೊಣಕಾಲ ಕೆಳಗೆ ಮುಂಗಾಲಿಗೆ ಬಡೀತು. ಒಂದು ಗೇಣು ಚರ್ಮ ಸುಲಿದುಹೋಯಿತು. ರಕ್ತ ನೋಡಿ ನಾನು ಹೆದರಲಿಲ್ಲ. ಕಾಲು ಚಾಚಿ ಕೂತು ಕೂಗು ಬರಲಿ ಅಂತ ಕಾದೆ. ಬರಲಿಲ್ಲ. ನನ್ನ ಸೊಸೆ ಚೆಲುವಿ ಓಡಿಬಂದು ಕಿವಿ ಇಟ್ಟು ಕೇಳಿದಳು. ತಲೆ ಎತ್ತಿದಾಗ ಅವಳ ಕಣ್ಣಲ್ಲಿ ನೀರು.

"ಏನೂ ಇಲ್ಲವೇನೇ?"

"ಇಲ್ಲ ಅತ್ತೆ."

ಆಗ ಹೆದರಿದೆ. ಸುಳ್ಳು ಯಾಕೆ ಹೇಳಲಿ, ನೋವು ಕೂಡ ಮರೆತುಹೋಯಿತು.

ವಯಸ್ಸಾದವರ ಗಾಯಕ್ಕೆ ನಮ್ಮೂರಲ್ಲಿ ಒಂದೇ ಉಪಚಾರ, ಸದ್ದಿಲ್ಲದ ಕೋಣೆ. ಒಳಮನೆಯಲ್ಲಿ ಹಾಸಿಗೆ ಹಾಸಿ, ಬಾಗಿಲ ಸಂದಿಗೆ ಹುಲ್ಲು ತುರುಕಿ, ಕೊಟ್ಟಿಗೆಯ ಹಸುವಿನ ಗಂಟೆ ಬಿಚ್ಚಿ, ಗಾಯಕ್ಕೆ ಒದ್ದೆ ಬಟ್ಟೆ ಸುತ್ತಿ ಮಲಗಿಸ್ತಾರೆ. ಗಾಯ ಪಿಸುಗುಟ್ಟಿದರೂ ಕೇಳಿಸಲಿ ಅಂತ. ಇನ್ನೊಂದು ಏನಪ್ಪಾ ಅಂದರೆ, ಬೇರೆ ಗಾಯ ಇರೋರು ಯಾರೂ ಆ ಕೋಣೆ ಹತ್ತಿರ ಸುಳಿಯಬಾರದು. ಎಳೇ ಗಾಯದ ಕೂಗು ಜೋರು, ಅದು ಕೇಳಿ ಮುದುಕಿ ಚರ್ಮ ದಾರಿ ತಪ್ಪಿ ಆ ಕಡೆ ಹೋಗಿಬಿಡುತ್ತೆ ಅಂತ ನಂಬಿಕೆ. ಅಜ್ಜಿಯರ ಕಾಲದಿಂದ ಹಾಗೇ ನಡೆದು ಬಂದಿದೆ. ನಾನೂ ನಮ್ಮ ಯಜಮಾನರ ಕೋಣೆಗೆ ನನ್ನ ಕೈಯಾರೆ ಹುಲ್ಲು ತುರುಕಿದವಳೇ.

ಮಲಗಿದೆ. ದಿನಾ ಬೆಳಿಗ್ಗೆ ಚೆಲುವಿ ಬಂದು ಕಿವಿ ಇಟ್ಟು ಕೇಳೋಳು, ದಿನಾ ತಲೆ ಆಡಿಸೋಳು. ಗಾಯ ಕೀವೂ ಆಗಲಿಲ್ಲ, ಕೂಡಲೂ ಇಲ್ಲ. ಪಕ್ಕದ ಮನೆ ಸಾತಕ್ಕ ಬಂದು ಬಾಗಿಲಲ್ಲೇ ನಿಂತು, ಸತ್ತ ಮನೆಗೆ ಬಂದವಳ ಹಾಗೆ ಮುಖ ಮಾಡಿಕೊಂಡು, "ಶಾಲಿಗೆ ಕೆಂಪಂಚು ಇರಲೋ ಹಸಿರಂಚೋ ಅಕ್ಕ?" ಅಂದಳು. ಮೈಯೆಲ್ಲ ಉರಿದುಹೋಯಿತು. "ನಿನ್ನ ಶಾಲು ನೀನೇ ಹೊದ್ದುಕೊಂಡು ಮಲಕ್ಕೋ ಹೋಗೇ" ಅಂತ ಕೂಗಿದೆ. ಅವಳು ಮೂಗು ಮುರಿದುಕೊಂಡು ಹೋದಳು. ಹೋದ ಮೇಲೆ ಗೋಡೆ ಕಡೆ ತಿರುಗಿ ಅತ್ತೆ. ಕೂಗದ ಕಾಲಿನ ಮೇಲೆ ನನಗೆ ಎಂಥಾ ಸಿಟ್ಟು ಅಂದರೆ, ಎರಡು ಏಟು ಕೊಡೋಣ ಅನ್ನಿಸ್ತು.

ಹುಣ್ಣಿಮೆ ಹತ್ತಿರ ಬರ್ತಾ ಇತ್ತು. ಒಂದು ದಿನ ಬೆಳಿಗ್ಗೆ, ಹುಲ್ಲು ತುರುಕಿದ ಸಂದಿ ದಾಟಿ ಹಿತ್ತಿಲ ಚಪ್ಪರದಿಂದ ಸದ್ದು ಬಂತು. ಆ ವರ್ಷ ಮದುವೆಯಾಗಿ ಕೇರಿಗೆ ಬಂದ ಹೆಣ್ಣುಮಕ್ಕಳಿಗೆಲ್ಲ ಚೆಲುವಿ ಅಲ್ಲಿ ಬಿದಿರು ಸೀಳೋದು ಕಲಿಸ್ತಾ ಇದ್ದಳು. ಸಾಮಾನ್ಯವಾಗಿ ಆ ಕೆಲಸ ನನ್ನದು. ಟಕ್ ಅಂತ ಒಂದೇಟಿಗೆ ಬಿದಿರು ಬಾಯಿ ಬಿಡಬೇಕು, ಆಮೇಲೆ ಸರ್ರ್ ಅಂತ ಗೆಣ್ಣು ಗೆಣ್ಣು ದಾಟಿ ಹೋಗಬೇಕು. ಇವರು ಕೊಡ್ತಾ ಇದ್ದದ್ದು ಟಪ್, ಟಪ್, ಟಪ್, ಒನಕೆಯಲ್ಲಿ ಕುಟ್ಟಿದ ಹಾಗೆ. ನಡುನಡುವೆ "ಅಮ್ಮಾ!" ಅಂತ ಒಬ್ಬೊಬ್ಬಳು ಬೆರಳು ಕುಯ್ದುಕೊಳ್ಳೋದು. ಒಳ್ಳೇ ಬಿದಿರು ಹಾಳಾಗ್ತಿದೆಯಲ್ಲೋ ಶಿವನೇ ಅಂತ ಹೊರಳಾಡಿದೆ. ದಿಂಬಿನಿಂದ ಕಿವಿ ಮುಚ್ಚಿಕೊಂಡೆ. ಆಮೇಲೆ ತಡೆಯೋಕಾಗದೆ ಎದ್ದೆ. ಗೋಡೆ ಹಿಡಿದು ಕುಂಟಿಕೊಂಡು ಹೋಗಿ ಬಾಗಿಲು ಒದ್ದು ತೆಗೆದೆ, ಹುಲ್ಲೆಲ್ಲ ಹಾರಿಹೋಯಿತು.

"ಯಾವ ಮೂದೇವಿ ಅದು, ಗೆಣ್ಣಿನ ಮೇಲೆ ಮಚ್ಚು ಇಡ್ತಿರೋಳು?"

ಹುಡುಗಿಯರು ಹೆದರಿ ಎದ್ದು ನಿಂತರು. ಎಲ್ಲರ ಬೆರಳಲ್ಲೂ ಚಿಂದಿ, ಎಲ್ಲ ಚಿಂದಿಯೊಳಗಿಂದಲೂ ಗುಂಯ್ ಗುಂಯ್. ಚೆಲುವಿ ಅಡ್ಡ ಬಂದಳು. "ಅತ್ತೆ, ದಮ್ಮಯ್ಯ, ಒಳಗೆ ನಡೀರಿ. ಇವರ ಗಾಯ ಎಲ್ಲ ಕೂಗ್ತಾ ಇದೆ, ನಿಮ್ಮ ಚರ್ಮ ಇವರ ಕಡೆ ಹೋಗಿಬಿಡುತ್ತೆ!"

"ಹೋದರೆ ಹೋಗಲಿ ಬಿಡೇ. ಈ ಸುಕ್ಕು ಚರ್ಮ ತಗೊಂಡು ಇವರೇನು ರವಿಕೆ ಹೊಲಿಸ್ಕೋತಾರಾ?"

ಒಬ್ಬಳು ಕಿಸಕ್ಕನೆ ನಕ್ಕಳು. ಅವಳ ಹೆಸರು ದುಂಡಮ್ಮ, ಬಾಯಿ ಮಾಡೋದರಲ್ಲಿ ನನ್ನ ಜಾತಿಯವಳೇ. ಅವಳ ಪಕ್ಕವೇ ಕೂತೆ. ಕಾಲಿಗೆ ಸುತ್ತಿದ್ದ ಒದ್ದೆ ಬಟ್ಟೆ ತೊಡಕಾಯಿತು, ಬಿಚ್ಚಿ ಎಸೆದೆ. ಎಳೇ ಬಿದಿರ ಗಳ ತಗೊಂಡು ತೋರಿಸಿದೆ, ಹೀಗೆ ಹಿಡೀರಿ, ಕೈಗೆ ಜೋರು ಬೇಡ, ಕಣ್ಣಿಗೆ ಜೋರು ಬೇಕು, ಬಿದಿರಿಗೆ ತಾನಾಗಿ ಸೀಳಿಕೊಳ್ಳೋ ಆಸೆ ಇರುತ್ತೆ, ನೀವು ದಾರಿ ತೋರಿಸಿದರೆ ಸಾಕು. ಟಕ್, ಸರ್ರ್. ಆಹಾ, ಆ ಸದ್ದು ಕೇಳಿ ನನ್ನ ಜೀವಕ್ಕೆ ಜೀವ ಬಂತು. ಬಿಸಿಲು ನೆತ್ತಿಗೆ ಬರೋವರೆಗೂ ಕೂತು ಎಲ್ಲರನ್ನೂ ಬಯ್ದೆ, ಎಲ್ಲರ ಹತ್ತಿರವೂ ಸೀಳಿಸಿದೆ.

ದುಂಡಮ್ಮನೇ ಮೊದಲು ಕೇಳಿಸಿಕೊಂಡಿದ್ದು. ಮಚ್ಚು ಕೆಳಗಿಟ್ಟು ಸುತ್ತ ನೋಡಿದಳು. "ಯಾರದು ಇದು ದಪ್ಪ ದನಿ?" ಅಂದಳು. ಎಲ್ಲರೂ ಅವರವರ ಬೆರಳು ಕಿವಿಗೆ ಹಿಡಿದು ನೋಡಿಕೊಂಡರು. ಅವರದೆಲ್ಲ ಜೇನಿನ ದನಿ. ಇದು ಬೇರೆ, ಬೀಸೋಕಲ್ಲು ದೂರದಲ್ಲಿ ತಿರುಗಿದ ಹಾಗೆ, ನಿಧಾನ, ಗೊಗ್ಗರು. ಒಂದು ಸಲ ಬಂದು ನಿಲ್ಲೋದು, ನಿಂತೇಹೋಯಿತು ಅಂದುಕೊಂಡಾಗ ಮತ್ತೆ ಬರೋದು. ಚೆಲುವಿ ಮೆಲ್ಲಗೆ ಬಗ್ಗಿ ನನ್ನ ಕಾಲಿನ ಹತ್ತಿರ ಕಿವಿ ಇಟ್ಟಳು. ಇಟ್ಟವಳು ಹಾಗೇ ನನ್ನ ಪಾದ ತಬ್ಬಿಕೊಂಡು ಅಳೋಕೆ ಶುರು ಮಾಡಿದಳು.

"ಅತ್ತೆ, ಕರೀತಾ ಇದೆ! ನಿಮ್ಮದೇ ಅತ್ತೆ!"

ಆಗಲೇ ನಮಗೆ ತಲೆಗೆ ಹೋಗಿದ್ದು. ಗಾಯಕ್ಕೆ ಬೇಕಾಗಿದ್ದದ್ದು ಮೌನ ಅಲ್ಲ. ಯಾರ ದನಿಯೂ ಕಿವಿಗೆ ಬೀಳದ ಕೋಣೆಯಲ್ಲಿ ಮಲಗಿಸಿದರೆ ಮನುಷ್ಯರೇ ಮಾತು ಮರೀತಾರೆ, ಪಾಪ ಗಾಯ ಏನು ಮಾಡುತ್ತೆ? ಇಷ್ಟು ಕಾಲ ಹುಲ್ಲು ತುರುಕಿ ತುರುಕಿ ನಾವೇ ಅದರ ಬಾಯಿ ಕಟ್ಟಿದ್ದೆವು. ನಮ್ಮ ಯಜಮಾನರ ಗಾಯದ್ದೂ ನಾನೇ ಕಟ್ಟಿದ್ದೆ.

ಅವತ್ತಿಂದ ನಾನು ದಿನಾ ಚಪ್ಪರದಲ್ಲೇ. ಗಾಯದ ಅಂಚಿನಲ್ಲಿ ಗುಲಾಬಿ ಬಣ್ಣದ ಹೊಸ ಚರ್ಮ ಕಾಣಿಸಿಕೊಳ್ತು, ಅಕ್ಕಿ ಕಾಳಿನಷ್ಟು. ಆದರೆ ಊರು ಸುಮ್ಮನಿರುತ್ತಾ? ಸಾತಕ್ಕ ಮನೆಮನೆಗೆ ಹೋಗಿ ಊದಿದಳು, ಕೇತಮ್ಮ ಹೊಸ ಸೊಸೆಯಂದಿರ ಚರ್ಮ ಎಳಕೊಳ್ತಾ ಇದಾಳೆ ಅಂತ. ಹುಡುಗಿಯರ ಅತ್ತೆಯರೆಲ್ಲ ಗುಂಪು ಕಟ್ಟಿಕೊಂಡು ಬಂದರು. "ಬೆರಳು ತೋರಿಸಿರೇ" ಅಂತ ಹುಡುಗಿಯರಿಗೆ ಅಂದೆ. ತೋರಿಸಿದರು. ಹಳೇ ಗಾಯಗಳೆಲ್ಲ ಚೆನ್ನಾಗಿ ಕೂಡಿ, ಹೊಸ ಗಾಯಗಳು ಚೆನ್ನಾಗಿ ಕೂಗ್ತಾ ಇದ್ದವು. ಆದರೂ ಅತ್ತೆಯರು ಬಾಯಿ ಮುಚ್ಚಲಿಲ್ಲ. ಹಾಗಾದರೆ ಕೂಗ್ತಿರೋದು ಆ ಹುಡುಗಿಯರ ಗಾಯ, ಮುದುಕಿಯದಲ್ಲ, ಕಟ್ಟೆಯಲ್ಲಿ ಎಲ್ಲ ಗೊತ್ತಾಗುತ್ತೆ ನಡಿ ಅಂದರು.

ಹುಣ್ಣಿಮೆ ಬೆಳಿಗ್ಗೆ ಮಚ್ಚು ಕೈಯಲ್ಲಿ ಹಿಡಿದು ಕಟ್ಟೆ ಹತ್ತಿದೆ. ಊರಿಗೆ ಊರೇ ಸೇರಿತ್ತು. ಸಾತಕ್ಕ ಶಾಲು ಮಡಿಸಿ ತಂದಿದ್ದಳು, ಕೆಂಪಂಚಿಂದೇ. ಮರಿಸಿದ್ದಯ್ಯ ನನ್ನ ವಾರಿಗೆಯವನು, ಒಳ್ಳೆಯವನು, ಕಟ್ಟಳೆ ಅಂದರೆ ಮಾತ್ರ ಕಲ್ಲು. "ಗಾಯ ಇರೋರೆಲ್ಲ ಕೆರೆ ಏರಿ ಆಚೆ ಹೋಗಿ ನಿಂತ್ಕೊಳ್ಳಿ" ಅಂತ ಹೇಳಿದ. ದುಂಡಮ್ಮ, ಮಿಕ್ಕ ಹುಡುಗಿಯರು, ಮೊಣಕಾಲು ಒಡಕೊಂಡ ಮಕ್ಕಳು ಎಲ್ಲ ಹೋದರು. ಹೋಗ್ತಾ ಹೋಗ್ತಾ ಅವರ ದನಿ ಸಣ್ಣಗಾಗಿ, ಆಮೇಲೆ ಇಲ್ಲವಾಯಿತು.

"ಕಾಲು ಚಾಚು ಕೇತಕ್ಕ" ಅಂದ. ಎಲೆ ಮಡಿಸಿ ಬಾಯಿಗಿಟ್ಟು, ಬಗ್ಗಿ, ಕಣ್ಣು ಮುಚ್ಚಿದ.

ಕೂಗಲಿಲ್ಲ.

ನಾನು ಗಾಯವನ್ನೇ ನೋಡ್ತಾ ಕೂತೆ. ಕರಿ ತಾಯಿ, ಒಂದು ಸಲ ಕರಿ, ನಿನ್ನ ಕಾಲಿಗೆ ಬೀಳ್ತೀನಿ ಅಂತ ಮನಸ್ಸಲ್ಲೇ ಬೇಡಿಕೊಂಡೆ. ನನ್ನ ಕಾಲಿಗೆ ನಾನೇ ಬೀಳೋ ಗತಿ ಬಂತಲ್ಲ! ಚೆಲುವಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಸಿದ್ದಯ್ಯನ ದವಡೆ ಒಮ್ಮೆ ಆಡಿತು, ರಸ ತೀರಿತು ಅಂತ ಅರ್ಥ. ಅವನು ತಲೆ ಎತ್ತಿ, ನನ್ನ ಮುಖ ನೋಡದೆ, ಉಗಿಯೋಕೆ ಅಂತ ಪಕ್ಕಕ್ಕೆ ತಿರುಗಿದ.

ನಾನು ಅವನ ಮಣಿಕಟ್ಟು ಹಿಡಕೊಂಡೆ. "ಇನ್ನೊಂದು ಎಲೆ ಹಾಕ್ಕೋ."

"ಏನಂದೆ?"

"ಇನ್ನೊಂದು ಎಲೆ ಹಾಕ್ಕೋ ಅಂದೆ. ಎಳೆಯರ ಗಾಯಕ್ಕೆ ಒಂದೆಲೆ ಸಾಕು. ನಾನು ಕಟ್ಟೆ ಹತ್ತೋಕೆ ಎಷ್ಟು ಹೊತ್ತು ತಗೊಂಡೆ ನೋಡಿದೆಯಲ್ಲ? ನನ್ನ ಗಾಯಕ್ಕೂ ಅಷ್ಟೇ ಹೊತ್ತು ಬೇಕು. ಆ ಹುಡುಗಿಯರ ಕೂಗು ಈಗ ತಾನೇ ಆಚೆ ಹೋಗಿದೆ, ಇದು ಒಂಟಿಯಾಗಿ ಬಾಯಿ ಬಿಡಬೇಕು. ಕಾಯಿ ಸಿದ್ದಣ್ಣ."

"ಎರಡನೇ ಎಲೆ ಅನ್ನೋದು ಕಟ್ಟಳೆಯಲ್ಲೇ ಇಲ್ಲ ಕೇತಕ್ಕ."

"ಬೇಡ ಅಂತಲಾದರೂ ಇದೆಯಾ?"

ಜನರ ಮಧ್ಯದಿಂದ ಯಾರೋ ಅಜ್ಜಿ "ಹಾಕ್ಕೊಳ್ಳಯ್ಯ, ನಿನ್ನ ಗಂಟೇನು ಹೋಯಿತು" ಅಂದಳು. ಇನ್ನೊಬ್ಬ ಮುದುಕ "ಹಾಕ್ಕೋ, ಹಾಕ್ಕೋ" ಅಂದ. ಸಿದ್ದಯ್ಯ ಹಳೇ ಎಲೆ ಉಗಿದ, ಆದರೆ ಎದ್ದೇಳಲಿಲ್ಲ. ಆಮೇಲೆ ಎರಡನೇ ಎಲೆ ತೆಗೆದು ಸುಣ್ಣ ಸವರಿ ಬಾಯಿಗಿಟ್ಟ.

ಕಾದೆವು. ಬಿಸಿಲು ಕಟ್ಟೆ ಮೇಲೆ ಒಂದು ಗೇಣು ಹತ್ತಿತು. ಆಗ ಬಂತು ನೋಡಿ! ಮೊದಲು ಮುಂಗಾಲಲ್ಲಿ ಕಚಗುಳಿ ಇಟ್ಟ ಹಾಗೆ, ಆಮೇಲೆ ಗೊರ್ರ್ ಅಂತ ಬೀಸೋಕಲ್ಲಿನ ದನಿ. ನಿಂತಿತು. ಮತ್ತೆ ಬಂತು, ಮುಂಚಿಗಿಂತ ಜೋರಾಗಿ. ಸಿದ್ದಯ್ಯ ಕಣ್ಣು ಬಿಟ್ಟ. ಅವನು ಹೇಳೋದೇ ಬೇಕಿರಲಿಲ್ಲ, ಮುಂದೆ ನಿಂತವರಿಗೆಲ್ಲ ಕೇಳಿಸಿತ್ತು. ಚೆಲುವಿ ಹೋ ಅಂತ ಕಿರುಚಿದಳು, ಜನ ಚಪ್ಪಾಳೆ ತಟ್ಟಿದರು, ನಾನು ಮಚ್ಚು ತಲೆ ಮೇಲೆ ಎತ್ತಿ ಹಿಡಿದೆ. ನಾಚಿಕೆ ಏನೂ ಆಗಲಿಲ್ಲ.

"ಶ್!" ಅಂದಳು ಚೆಲುವಿ. "ಇನ್ನೊಂದು ಕೇಳ್ತಾ ಇದೆ."

ಎಲ್ಲರೂ ಸುಮ್ಮನಾದರು. ಹೌದು. ನನ್ನ ಗಾಯ ಗೊರ್ರ್ ಅಂದು ನಿಂತಾಗ ಇನ್ನೊಂದು ದನಿ ಉತ್ತರ ಕೊಡ್ತಾ ಇತ್ತು, ತೀರಾ ಸಣ್ಣಗೆ, ನಡುಗ್ತಾ. ಗಾಯ ಇದ್ದವರೆಲ್ಲ ಏರಿ ಆಚೆ ಇದ್ದರಲ್ಲ? ಹುಡುಕಿದರು. ದನಿ ಕಟ್ಟೆ ಮೇಲಿಂದಲೇ ಬರ್ತಿತ್ತು. ಸಿದ್ದಯ್ಯ ಬಲಗಾಲನ್ನ ಪಂಚೆಯೊಳಗೆ ಎಳಕೊಂಡ, ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತು.

ನಾನು ಪಂಚೆ ಸರಿಸಿದೆ. ಹಿಮ್ಮಡಿಗೆ ಬಟ್ಟೆ ಸುತ್ತಿ ಸುತ್ತಿ ಗಂಟು ಹಾಕಿದ್ದ. ಬಿಚ್ಚಿದೆ. ಯಾವ ಕಾಲದ ಗಾಯವೋ, ಬಾಯಿ ಬಿಟ್ಟುಕೊಂಡು ಕೂತಿತ್ತು.

"ಎಲ್ಲರದೂ ಕೇಳೋನು ನಾನು" ಅಂದ ಸಿದ್ದಯ್ಯ. "ನನ್ನದು ಯಾರ ಹತ್ತಿರ ಕೇಳಿಸಲಿ? ಬಗ್ಗಿದರೂ ನನ್ನ ಹಿಮ್ಮಡಿ ನನ್ನ ಕಿವಿಗೆ ಸಿಗಲ್ಲ. ಅದು ಕೂಗಲ್ಲ ಅಂತ ಗೊತ್ತಾದರೆ ಕಟ್ಟೆ ಬಿಡಬೇಕಾಗುತ್ತೆ ಅಂತ ಬಚ್ಚಿಟ್ಟೆ. ಕೇತಕ್ಕ, ನಿಜ ಹೇಳು. ಕೂಗ್ತಾ ಇದೆಯಾ?"

ನಾನು ಮಚ್ಚು ಪಕ್ಕಕ್ಕಿಟ್ಟು, ಕಲ್ಲಿನ ಮೇಲೆ ಮೊಣಕೈ ಊರಿ, ಅವನ ಪಾದದ ಹತ್ತಿರ ಕಿವಿ ಇಟ್ಟೆ. ಹಕ್ಕಿಮರಿ ಎದೆ ಬಡಿದ ಹಾಗೆ ಅದು ಕರೀತಾ ಇತ್ತು.

"ಕೂಗ್ತಾ ಇದೆ ಕಣಣ್ಣ. ಚೆನ್ನಾಗಿ ಕೂಗ್ತಾ ಇದೆ."

ಆ ಮನುಷ್ಯ ಊರ ಮುಂದೆ ಮಗುವಿನ ಹಾಗೆ ಅತ್ತ. ಅಷ್ಟರಲ್ಲಿ ಜನರ ಮಧ್ಯದಿಂದ ಇನ್ನೊಂದು ದನಿ, ಆಮೇಲೆ ಮತ್ತೊಂದು. ಹೆದರಿಕೊಂಡು ಸೀರೆ ಕೆಳಗೆ, ತೋಳಿನ ಒಳಗೆ, ಪೇಟದ ಅಡಿಯಲ್ಲಿ ಗಾಯ ಬಚ್ಚಿಟ್ಟುಕೊಂಡಿದ್ದ ಮುದುಕ ಮುದುಕಿಯರೆಲ್ಲ ಒಬ್ಬರನ್ನೊಬ್ಬರು ನೋಡ್ತಾ ಬಟ್ಟೆ ಬಿಚ್ಚೋಕೆ ಶುರು ಮಾಡಿದರು. ಏರಿ ಆಚೆಯಿಂದ ಹುಡುಗಿಯರು ಓಡಿಬಂದರು. ಇಡೀ ಕಟ್ಟೆ ಹಿಟ್ಟಿನ ಗಿರಣಿ ಹಾಗೆ ಗುಂಯ್‌ಗುಟ್ಟಿತು. ಸಿದ್ದಯ್ಯ ಕಣ್ಣೊರೆಸಿಕೊಂಡು ಎದ್ದು ನಿಂತು, ಗೂಡಿನ ಕಡೆ ಕೈ ತೋರಿಸಿ, "ಯಾರ್ಯಾರದು ಏನಿದೆಯೋ ತಗೊಂಡು ಹೋಗಿ" ಅಂದ. ತುಕ್ಕು ಹಿಡಿದ ಕುಡುಗೋಲು, ಉಳಿ, ಈಳಿಗೆ ಎಲ್ಲ ಒಂದೊಂದಾಗಿ ಹಳೇ ಕೈಗಳಿಗೆ ವಾಪಸ್ ಬಂದವು. ಸಾತಕ್ಕ ಶಾಲು ಬಗಲಲ್ಲಿ ಹಿಡಕೊಂಡು ಪೆಚ್ಚಾಗಿ ನಿಂತಿದ್ದಳು. ಬಿದಿರು ಹೊರೋವಾಗ ತಲೆಗೆ ಸಿಂಬೆ ಸುತ್ತಿಕೊಳ್ಳೋಕೆ ಬೇಕು ಕೊಡು ಅಂತ ನಾನೇ ಈಸಿಕೊಂಡೆ.

ನನ್ನ ಗಾಯ ಪೂರ್ತಿ ಕೂಡೋಕೆ ಆಮೇಲೂ ಸುಮಾರು ದಿನ ಹಿಡೀತು. ಹಿಡೀಲಿ, ನನಗೇನು ಅವಸರ? ಆದರೆ ಒಂದು ಹೇಳ್ತೀನಿ, ದುಂಡಮ್ಮನ ಬೆರಳ ಮೇಲೆಲ್ಲ ದಪ್ಪ ದಪ್ಪ ಗೆರೆ ನಿಂತಿವೆ, ಅವಸರದಲ್ಲಿ ಹೊಲಿದ ಗೋಣಿಚೀಲದ ಹಾಗೆ. ನನ್ನ ಕಾಲ ಮೇಲೆ ಗುರುತು ಹುಡುಕಬೇಕು. ತಡವಾಗಿ ಬಂದ ಚರ್ಮ ಎಷ್ಟು ನಯವಾಗಿ ಬಂದಿದೆ ಅಂತ ಬಂದವರಿಗೆಲ್ಲ ಸೀರೆ ಎತ್ತಿ ತೋರಿಸ್ತೀನಿ, ಚೆಲುವಿ ತಲೆ ಚಚ್ಚಿಕೊಳ್ತಾಳೆ.

ಮೊನ್ನೆ ಹುಣ್ಣಿಮೆಗೆ ಮಚ್ಚು ಇಳಿಸೋಕೆ ಯಾರೂ ಕಟ್ಟೆಗೆ ಬರಲಿಲ್ಲ. ಸಿದ್ದಯ್ಯ ಬೆಳಿಗ್ಗೆಯೆಲ್ಲ ಒಬ್ಬನೇ ಕೂತಿದ್ದು, ಬೇಜಾರಾಗಿ ಎದ್ದು ನಮ್ಮ ಚಪ್ಪರಕ್ಕೆ ಬಂದ. ನನಗೂ ಬಿದಿರು ಸೀಳೋದು ಕಲಿಸು ಅಂದ. ಈ ವಯಸ್ಸಲ್ಲಾ ಅಂತ ನಾನು ಕೇಳಲಿಲ್ಲ. ಒಂದು ಮಚ್ಚು ಕೊಟ್ಟು ಕೂರಿಸಿಕೊಂಡೆ. ಕೈ ಸ್ವಲ್ಪ ಒರಟು, ಹೇಳಿದ್ದು ಕೇಳಲ್ಲ. ನಿನ್ನೆ ತಾನೇ ಹೆಬ್ಬೆರಳು ಕುಯ್ದುಕೊಂಡ. ಆ ಗಾಯದ ಕೂಗು ಬೀದಿ ತುದಿವರೆಗೂ ಕೇಳಿಸ್ತು.